ಮಳೆಗಾಲದಲ್ಲಿ ತಾನಾಗಿ ಏಳುವ ಸರ್ವರ್: ಸಿಸ್ಟಮ್‌ಡಿ, ಓಪನ್‌ಆರ್‌ಸಿ, ರನ್‌ಇಟ್, ಬಿಎಸ್‌ಡಿ ಪೈಕಿ ನಿಮಗೆ ಯಾವುದು?

ಕೊಡಗಿನಲ್ಲಿ ಈಗ ಸರ್ವರ್ ಅಂದರೆ ದೊಡ್ಡ ಕಂಪನಿಯ ಮಾತೇನಲ್ಲ. ತೋಟದ ಆಫೀಸಿನಲ್ಲಿ ಚೆಕ್‌ರೋಲ್ (ಕೆಲಸದವರ ಹಾಜರಿ ಪಟ್ಟಿ), ಬಟವಾಡೆ ಲೆಕ್ಕಕ್ಕೆ ಒಂದು ಹಳೇ ಡೆಸ್ಕ್‌ಟಾಪ್ ಓಡುತ್ತಿರುತ್ತದೆ. ಹೋಂಸ್ಟೇಯಲ್ಲಿ ಬುಕಿಂಗ್ ಮತ್ತು ಕ್ಯಾಮೆರಾ ರೆಕಾರ್ಡಿಂಗಿಗೆ ಇನ್ನೊಂದು. ಮಳೆಮಾಪಕಕ್ಕೆ ಸೆನ್ಸರ್ ಕಟ್ಟಿ, ಇಂಚು ಸೆಂಟಿನ ಲೆಕ್ಕವನ್ನು ರಾಸ್ಪ್‌ಬೆರ್ರಿ ಪೈ ಅನ್ನುವ ಚಿಕ್ಕ ಕಂಪ್ಯೂಟರಿಗೆ ಬರೆಸುವವರೂ ಇದ್ದಾರೆ. ಇವೆಲ್ಲಕ್ಕೂ ಒಂದೇ ಪರೀಕ್ಷೆ: ಜುಲೈ ತಿಂಗಳ ರಾತ್ರಿ ಮರ ಬಿದ್ದು ಕರೆಂಟು ಹೋಗಿ, ಬೆಳಗಿನ ಜಾವ ವಾಪಸ್ ಬಂದಾಗ, ಯಾರೂ ಮುಟ್ಟದೆ ಎಲ್ಲ ಸರ್ವೀಸುಗಳೂ, ಅಂದರೆ ಹಿನ್ನೆಲೆಯಲ್ಲಿ ಸದಾ ಓಡುತ್ತಿರಬೇಕಾದ ಪ್ರೋಗ್ರಾಮುಗಳೂ, ಸರಿಯಾಗಿ ಏಳುತ್ತವಾ?

ಸರ್ವೀಸುಗಳನ್ನು ಎಬ್ಬಿಸಿ ನೋಡಿಕೊಳ್ಳುವ ಪ್ರೋಗ್ರಾಮಿಗೆ ಸರ್ವೀಸ್ ಮ್ಯಾನೇಜರ್ ಅನ್ನುತ್ತಾರೆ. ಅದನ್ನು ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ. ಇಂಟರ್ನೆಟ್ಟಿನಲ್ಲಿ ಈ ವಿಷಯಕ್ಕೆ ನಡೆಯುವ ಜಗಳವೆಲ್ಲ ಬೇರೆ. ಬೂಟ್ ಎಷ್ಟು ಸೆಕೆಂಡಿಗೆ ಆಗುತ್ತದೆ, ಕೋಡ್ ಎಷ್ಟು ಚಿಕ್ಕದು ಅನ್ನುವುದು ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ಕೂತವರಿಗೆ ಮುಖ್ಯ ಇರಬಹುದು. ನಾಪೋಕ್ಲು ಕಡೆಯ ತೋಟದ ಆಫೀಸಿಗೆ ಬೇಕಾದದ್ದು ಬೇರೆ: ತಾನಾಗಿ ಏಳಬೇಕು, ಏಳದಿದ್ದರೆ ಯಾಕೆ ಅಂತ ಹೇಳಬೇಕು, ನೀವು ಊರಲ್ಲಿ ಇಲ್ಲದಾಗ ಇನ್ನೊಬ್ಬರು ಫೋನಿನಲ್ಲಿ ಕೇಳಿಕೊಂಡು ಸರಿಮಾಡುವಂತಿರಬೇಕು. 2018ರ ಆಗಸ್ಟಿನಲ್ಲಿ ಬರೆ (ಗುಡ್ಡದ ಇಳಿಜಾರು) ಕುಸಿದು ಮಡಿಕೇರಿಯಿಂದ ಸಂಪಾಜೆ ಕಡೆಗೆ ರಸ್ತೆಯೇ ಮುಚ್ಚಿತ್ತಲ್ವಾ? ಅಂಥ ಹೊತ್ತಿನಲ್ಲಿ "ನಾನೇ ಬಂದು ನೋಡ್ತೀನಿ" ಅನ್ನುವ ಮಾತು ನಡೆಯುವುದಿಲ್ಲ.

ಶುರು ಮಾಡುವ ಮುಂಚೆ ಒಂದು ವಿಷಯ. ಮೆಷಿನ್ನಿನ ಬಯಾಸ್ ಸೆಟ್ಟಿಂಗಿನಲ್ಲಿ (ಓಎಸ್ ಏಳುವ ಮುಂಚೆ ತೆಗೆಯಬಹುದಾದ ಮೆನು), ಕರೆಂಟು ವಾಪಸ್ ಬಂದಾಗ ತಾನಾಗಿ ಆನ್ ಆಗು ಅನ್ನುವ ಆಯ್ಕೆ ಇರುತ್ತದೆ. ಅದು ಆಫ್ ಇದ್ದರೆ ಕೆಳಗೆ ಬರೆದದ್ದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ರಾಸ್ಪ್‌ಬೆರ್ರಿ ಪೈಗೆ ಈ ತೊಂದರೆ ಇಲ್ಲ, ಕರೆಂಟು ಸಿಕ್ಕ ಕೂಡಲೇ ಏಳುತ್ತದೆ.

ಲಿನಕ್ಸ್, ಬಿಎಸ್‌ಡಿಯಂಥ ಯುನಿಕ್ಸ್ ಬಗೆಯ ಯಾವ ಸಿಸ್ಟಮ್ಮಿನಲ್ಲೂ ಕರ್ನಲ್ (ಓಎಸ್‌ನ ತಿರುಳು) ಎದ್ದ ಮೇಲೆ ಮೊದಲು ಓಡಿಸುವ ಪ್ರೋಗ್ರಾಮ್ ಒಂದೇ. ಓಡುತ್ತಿರುವ ಪ್ರೋಗ್ರಾಮಿಗೆ ಪ್ರೋಸೆಸ್ ಅನ್ನುತ್ತಾರೆ; ಇದರ ಪ್ರೋಸೆಸ್ ನಂಬರ್ 1, ಹೆಸರು ಇನಿಟ್. ತೋಟದಲ್ಲಿ ಬೆಳಿಗ್ಗೆ ರೈಟರ್ ನಿಂತು ಹಾಜರಿ ತೆಗೆದುಕೊಂಡು, ಯಾರು ಯಾವ ಕೆಲಸಕ್ಕೆ ಅಂತ ಕಳಿಸುವ ಹಾಗೆ, ಉಳಿದ ಸರ್ವೀಸುಗಳನ್ನು ಎಬ್ಬಿಸುವುದು ಇದರ ಕೆಲಸ. ಕೆಲಸಕ್ಕೆ ಕಳಿಸಿದ ಮೇಲೆ ಮಧ್ಯಾಹ್ನ ಮತ್ತೆ ಹೋಗಿ ನೋಡುತ್ತದಾ ಇಲ್ಲವಾ ಅನ್ನುವುದೇ ಇವುಗಳ ನಡುವಿನ ದೊಡ್ಡ ವ್ಯತ್ಯಾಸ. ಹಳೆಯ ಸಿಸ್ಟಮ್ ಫೈವ್ ಇನಿಟ್ ನೋಡುತ್ತಿರಲಿಲ್ಲ. ಇನಿಟ್.ಡಿ ಫೋಲ್ಡರಿನ ಶೆಲ್ ಸ್ಕ್ರಿಪ್ಟುಗಳನ್ನು ನಂಬರಿನ ಕ್ರಮದಲ್ಲಿ ಒಂದಾದ ಮೇಲೊಂದು ಓಡಿಸಿ ಸುಮ್ಮನಾಗುತ್ತಿತ್ತು. ನಡುವೆ ಡೇಟಾಬೇಸ್ ಸತ್ತರೆ ಸತ್ತೇ ಇರುತ್ತಿತ್ತು. ಹೊಸ ಸರ್ವರಿಗೆ ಇದನ್ನು ಆರಿಸಲು ನನಗೆ ಕಾರಣ ಕಾಣುವುದಿಲ್ಲ.

ಸಿಸ್ಟಮ್‌ಡಿ: ಹೆಚ್ಚಿನವರಿಗೆ ಇದೇ ಸಾಕು

2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಶುರು ಮಾಡಿದ್ದು. ಲಿನಕ್ಸ್ ಡಿಸ್ಟ್ರೋಗಳ (ಲಿನಕ್ಸಿನ ಬೇರೆ ಬೇರೆ ಬಗೆಗಳ) ಪೈಕಿ 2011ರಲ್ಲಿ ಫೆಡೋರಾ, 2014ರಲ್ಲಿ ರೆಡ್ ಹ್ಯಾಟ್ 7, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಇದಕ್ಕೆ ಬಂದವು. ಹಾಗಾಗಿ ನೀವು ಡೆಬಿಯನ್, ಉಬುಂಟು ಅಥವಾ ರಾಸ್ಪ್‌ಬೆರ್ರಿ ಪೈ ಓಎಸ್ ಹಾಕಿದ್ದರೆ ಆಯ್ಕೆ ಆಗಲೇ ಆಗಿಬಿಟ್ಟಿದೆ. ಅದನ್ನು ತೆಗೆದು ಬೇರೆ ಇನಿಟ್ ಕೂರಿಸಲು ಹೋಗಬೇಡಿ. ಪ್ಯಾಕೇಜುಗಳೆಲ್ಲ ಸಿಸ್ಟಮ್‌ಡಿ ಇದೆ ಅಂತಲೇ ಬರುತ್ತವೆ, ಪ್ರತಿ ಅಪ್‌ಡೇಟಿನಲ್ಲೂ ಒಂದಲ್ಲ ಒಂದು ತಕರಾರು ಇರುತ್ತದೆ. ಬೇರೆ ಇನಿಟ್ ಬೇಕೇ ಬೇಕು ಅಂದರೆ, ಅದನ್ನೇ ನಂಬಿ ಕಟ್ಟಿದ ಡಿಸ್ಟ್ರೋ ಹಾಕಿ.

ಇದರ ದೊಡ್ಡ ಗುಣ, ಪ್ರತಿ ಸರ್ವೀಸಿನ ಪ್ರೋಸೆಸ್‌ಗಳನ್ನೂ ಕರ್ನಲ್ಲಿನ ಸಿಗ್ರೂಪ್ ಅನ್ನುವ ಒಂದು ಗುಂಪಿನಲ್ಲಿ ಇಟ್ಟು ಕಣ್ಣಿಟ್ಟಿರುವುದು. ಯಾವ ಪ್ರೋಸೆಸ್ ಯಾರ ಮಗು ಅನ್ನುವುದು ತಪ್ಪುವುದಿಲ್ಲ. ಸರ್ವೀಸ್ ನಿಲ್ಲಿಸಿದರೆ ಅದರ ಹಿಂದೆ ಬಾಲದ ಹಾಗೆ ಉಳಿಯುವ ಪ್ರೋಸೆಸ್ಸುಗಳೂ ನಿಲ್ಲುತ್ತವೆ. ಮೆಮೊರಿಗೆ ಮಿತಿ ಹಾಕಬಹುದು. 2 ಜಿಬಿ ರ್‍ಯಾಮಿನ ಹಳೇ ಮೆಷಿನ್ನಿನಲ್ಲಿ ಕ್ಯಾಮೆರಾ ರೆಕಾರ್ಡಿಂಗ್ ಪ್ರೋಗ್ರಾಮ್ ಎಲ್ಲ ಮೆಮೊರಿ ನುಂಗಿ ಚೆಕ್‌ರೋಲ್ ಸರ್ವೀಸನ್ನು ಬೀಳಿಸದಂತೆ 'ಮೆಮೊರಿಮ್ಯಾಕ್ಸ್' ಅನ್ನುವ ಒಂದೇ ಸಾಲು ಸಾಕು.

ಆದರೆ ಕೊಡಗಿನಂಥ ಕಡೆ ಇದರ ಮಾಮೂಲಿ ಸೆಟ್ಟಿಂಗ್ ಸಾಲದು. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ನಿಮ್ಮ ಮಳೆ ಲೆಕ್ಕದ ಸರ್ವೀಸಿನ ಯೂನಿಟ್ ಫೈಲಿನಲ್ಲಿ (ಅದರ ಸೆಟ್ಟಿಂಗ್ ಬರೆಯುವ ಫೈಲ್) 'ರೀಸ್ಟಾರ್ಟ್=ಆಲ್ವೇಸ್' ಅಂತ ಬರೆದಿದ್ದೀರಿ ಅಂದುಕೊಳ್ಳಿ. ಸತ್ತರೆ ಮತ್ತೆ ಎಬ್ಬಿಸುತ್ತದೆ, ಇನ್ನೇನು ಚಿಂತೆ ಅನಿಸುತ್ತದೆ. ಕರೆಂಟು ಬಂತು. ಪೈ ಅರ್ಧ ನಿಮಿಷದಲ್ಲಿ ಎದ್ದಿತು. ಫೈಬರ್ ಪೆಟ್ಟಿಗೆ, ರೂಟರ್ ಇನ್ನೂ ದೀಪ ಮಿಣುಕಿಸುತ್ತಾ ಕೂತಿವೆ. ಸರ್ವೀಸ್ ಡೇಟಾಬೇಸ್ ಇರುವ ಇನ್ನೊಂದು ಮೆಷಿನ್ ಹುಡುಕಿತು, ಸಿಗಲಿಲ್ಲ, ಸತ್ತಿತು. ಸಿಸ್ಟಮ್‌ಡಿ ಮತ್ತೆ ಎಬ್ಬಿಸುವ ಮುಂಚೆ ಕಾಯುವುದು ಮಾಮೂಲಿಯಾಗಿ 100 ಮಿಲಿಸೆಕೆಂಡ್ ಮಾತ್ರ. ಜೊತೆಗೆ ಇನ್ನೊಂದು ನಿಯಮ ಇದೆ: 10 ಸೆಕೆಂಡಿನೊಳಗೆ 5 ಸಲ ಶುರುವಾಗಿ ಮತ್ತೆಯೂ ಬಿದ್ದರೆ ಕೈಬಿಡುವುದು. ಕ್ಷಣದಲ್ಲಿ ಸಾಯುವ ಪ್ರೋಗ್ರಾಮ್ ಆದರೆ ಐದೂ ಸಲ ಮುಗಿಯಲು ಒಂದೆರಡು ಸೆಕೆಂಡು ಸಾಕು. ರೂಟರ್ ಏಳುವಷ್ಟರಲ್ಲಿ ಸಿಸ್ಟಮ್‌ಡಿ ಕೈತೊಳೆದುಕೊಂಡಿರುತ್ತದೆ. ಸ್ಟೇಟಸ್ ನೋಡಿದರೆ 'ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ' ಅಂತ ಇರುತ್ತದೆ. ಆಮೇಲೆ ನೆಟ್‌ವರ್ಕ್ ಬಂದರೂ ಅದು ತಾನಾಗಿ ಏಳುವುದಿಲ್ಲ.

ಇದಕ್ಕೆ ಮದ್ದು 'ರೀಸ್ಟಾರ್ಟ್‌ಸೆಕ್=30'. ಅರ್ಧ ನಿಮಿಷಕ್ಕೊಮ್ಮೆ ಪ್ರಯತ್ನಿಸಿದರೆ 10 ಸೆಕೆಂಡಿಗೆ 5 ಅನ್ನುವ ಮಿತಿ ಯಾವತ್ತೂ ಮುಟ್ಟುವುದಿಲ್ಲ, ರಾತ್ರಿಯಿಡೀ ಬೇಕಾದರೂ ಪ್ರಯತ್ನಿಸುತ್ತಿರುತ್ತದೆ. ಡೆಬಿಯನ್ 13 ಇದ್ದರೆ ಇನ್ನೂ ಅನುಕೂಲ. ಸಿಸ್ಟಮ್‌ಡಿ 254ರಿಂದ 'ರೀಸ್ಟಾರ್ಟ್‌ಸ್ಟೆಪ್ಸ್' ಮತ್ತು 'ರೀಸ್ಟಾರ್ಟ್‌ಮ್ಯಾಕ್ಸ್‌ಡಿಲೇಸೆಕ್' ಬಂದಿವೆ. ಮೊದಲು ಬೇಗ ಬೇಗ, ಆಮೇಲೆ ನಿಧಾನವಾಗಿ ಪ್ರಯತ್ನಿಸು ಅಂತ ಹೇಳಬಹುದು. ಡೆಬಿಯನ್ 12ರಲ್ಲಿ ಇರುವುದು 252, ಅಲ್ಲಿ ಇವು ಸಿಗುವುದಿಲ್ಲ.

ಎರಡನೆಯದು ಕ್ರಮದ ವಿಷಯ. 'ಆಫ್ಟರ್' ಅನ್ನುವುದು ಬರೀ ಕ್ರಮ ಹೇಳುತ್ತದೆ, ಇನ್ನೊಂದು ಸರ್ವೀಸನ್ನು ಎಬ್ಬಿಸುವುದಿಲ್ಲ. ಎಬ್ಬಿಸುವುದು 'ವಾಂಟ್ಸ್' ಅಥವಾ 'ರಿಕ್ವೈರ್ಸ್'. ನೆಟ್‌ವರ್ಕ್ ಬೇಕಾದ ಸರ್ವೀಸಿಗೆ 'ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್' ಅನ್ನು 'ವಾಂಟ್ಸ್' ಮತ್ತು 'ಆಫ್ಟರ್' ಎರಡರಲ್ಲೂ ಬರೆಯಬೇಕು. ಹಾಗೆ ಬರೆದರೂ ಅದರ ಅರ್ಥ ಮೆಷಿನ್ನಿಗೆ ಐಪಿ ವಿಳಾಸ ಸಿಕ್ಕಿತು ಅಂತ ಅಷ್ಟೇ. ಹೊರಗೆ ಕೇಬಲ್ ತುಂಡಾಗಿ ಇಂಟರ್ನೆಟ್ ಇಲ್ಲದಿದ್ದರೂ ಆನ್‌ಲೈನ್ ಅಂತಲೇ ಲೆಕ್ಕ. ಅದಕ್ಕೇ ರೀಸ್ಟಾರ್ಟಿನ ಅಂತರ ಇನ್ನೂ ಮುಖ್ಯ. 'ರಿಕ್ವೈರ್ಸ್' ಬರೆಯುವಾಗ ಹುಷಾರು. ಡೇಟಾಬೇಸ್ ಏಳದಿದ್ದರೆ ನಿಮ್ಮ ಸರ್ವೀಸೂ ಏಳುವುದಿಲ್ಲ, ಡೇಟಾಬೇಸ್ ನಿಲ್ಲಿಸಿದರೆ ಇದೂ ನಿಲ್ಲುತ್ತದೆ. ನಮ್ಮಂಥ ಕಡೆ 'ವಾಂಟ್ಸ್' ಬರೆದು, ಮತ್ತೆ ಮತ್ತೆ ಪ್ರಯತ್ನಿಸಲು ಬಿಡುವುದೇ ಒಳ್ಳೆಯದು.

ಮೂರನೆಯದು ಗಡಿಯಾರ. ರಾಸ್ಪ್‌ಬೆರ್ರಿ ಪೈ 4ರವರೆಗೆ ಬ್ಯಾಟರಿ ಗಡಿಯಾರವೇ ಇಲ್ಲ. ಪೈ 5ರಲ್ಲಿ ಇದೆ, ಬ್ಯಾಟರಿ ಮಾತ್ರ ಬೇರೆ ಕೊಳ್ಳಬೇಕು. ರಾತ್ರಿ ಒಂಬತ್ತಕ್ಕೆ ಹೋದ ಕರೆಂಟು ಬೆಳಿಗ್ಗೆ ಐದಕ್ಕೆ ಬಂದರೆ, ಇಂಟರ್ನೆಟ್ಟಿನಿಂದ ಸಮಯ ಸಿಗುವವರೆಗೆ ಪೈ ಇನ್ನೂ ರಾತ್ರಿ ಒಂಬತ್ತರ ಹತ್ತಿರವೇ ಇದೆ ಅಂದುಕೊಂಡಿರುತ್ತದೆ. ಬೆಳಗಿನ ಮಳೆ ಹಿಂದಿನ ದಿನದ ಖಾತೆಗೆ ಹೋಗುತ್ತದೆ. ಸಿಸ್ಟಮ್‌ಡಿಯಲ್ಲಿ 'ಟೈಮ್-ಸಿಂಕ್.ಟಾರ್ಗೆಟ್' ಇದೆ, 'ಸಿಸ್ಟಮ್‌ಡಿ-ಟೈಮ್-ವೇಟ್-ಸಿಂಕ್' ಸರ್ವೀಸ್ ಎನೇಬಲ್ ಮಾಡಿದರೆ ಸಮಯ ಸರಿಯಾಗುವವರೆಗೆ ನಿಮ್ಮ ಸರ್ವೀಸನ್ನು ಕಾಯಿಸಬಹುದು. ಆದರೆ ಇಂಟರ್ನೆಟ್ ಎರಡು ದಿನ ಬರದಿದ್ದರೆ ಅಷ್ಟೂ ಹೊತ್ತು ಕಾಯುತ್ತಲೇ ಇರುತ್ತದೆ, ಮಳೆ ಲೆಕ್ಕವೇ ಇರುವುದಿಲ್ಲ. ಮಳೆ ಅಳೆಯುವ ಮೆಷಿನ್ನಿಗೆ ಬ್ಯಾಟರಿ ಇರುವ ಚಿಕ್ಕ ಗಡಿಯಾರದ ಮಾಡ್ಯೂಲ್ ಹಾಕುವುದೇ ಸರಿ. ಎಲ್ಲವನ್ನೂ ಸಾಫ್ಟ್‌ವೇರಿನಲ್ಲೇ ಬಗೆಹರಿಸಲು ಹೋಗಬಾರದು.

ದಿನದ ಬ್ಯಾಕಪ್ಪಿಗೆ ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಹಳೇ ಪ್ರೋಗ್ರಾಮ್) ಬದಲು ಸಿಸ್ಟಮ್‌ಡಿ ಟೈಮರ್ ಬಳಸಿ. ರಾತ್ರಿ ಎರಡಕ್ಕೆ ಬ್ಯಾಕಪ್ ಅಂತ ಕ್ರಾನಿನಲ್ಲಿ ಬರೆದಿದ್ದರೆ, ಆ ಹೊತ್ತಿಗೆ ಕರೆಂಟು ಇಲ್ಲದಿದ್ದರೆ ಆ ದಿನದ್ದು ತಪ್ಪಿಯೇ ಹೋಗುತ್ತದೆ. ಟೈಮರಿನಲ್ಲಿ 'ಆನ್‌ಕ್ಯಾಲೆಂಡರ್' ಜೊತೆ 'ಪರ್ಸಿಸ್ಟೆಂಟ್=ಟ್ರೂ' ಬರೆದರೆ ತಪ್ಪಿದ್ದನ್ನು ಎದ್ದ ಕೂಡಲೇ ಮಾಡಿ ಮುಗಿಸುತ್ತದೆ. ಈ ಒಂದು ಸೌಲಭ್ಯಕ್ಕೇ ನಾನು ತೋಟದ ಆಫೀಸುಗಳಿಗೆ ಸಿಸ್ಟಮ್‌ಡಿ ಹೇಳುವುದು.

ಫೋನಿನಲ್ಲಿ ಸಹಾಯ ಮಾಡುವುದಕ್ಕೂ ಇದು ಸುಲಭ. 'ಸಿಸ್ಟಮ್‌ಸಿಟಿಎಲ್ --ಫೇಲ್ಡ್' ಅಂದರೆ ಬಿದ್ದವುಗಳ ಪಟ್ಟಿ ಬರುತ್ತದೆ. 'ಜರ್ನಲ್‌ಸಿಟಿಎಲ್ -ಯು' ಜೊತೆ ಸರ್ವೀಸಿನ ಹೆಸರು ಕೊಟ್ಟರೆ ಅದು ಸಾಯುವಾಗ ಏನು ಹೇಳಿತ್ತು ಅನ್ನುವುದು ಬರುತ್ತದೆ. '-ಬಿ -1' ಸೇರಿಸಿದರೆ ಕರೆಂಟು ಹೋಗುವ ಮುಂಚಿನದೂ ಸಿಗುತ್ತದೆ. ಆದರೆ ಅದು ಸಿಗಬೇಕಾದರೆ ಜರ್ನಲ್ (ಸಿಸ್ಟಮ್‌ಡಿಯ ಲಾಗ್) ಡಿಸ್ಕಿನಲ್ಲಿ ಉಳಿಯುವಂತಿರಬೇಕು. 'ಜರ್ನಲ್‌ಡಿ.ಕಾನ್ಫ್' ಫೈಲಿನಲ್ಲಿ 'ಸ್ಟೋರೇಜ್=ಪರ್ಸಿಸ್ಟೆಂಟ್' ಇದೆಯಾ ಅಂತ ನೋಡಿ. ಎಸ್‌ಡಿ ಕಾರ್ಡಿದ್ದರೆ 'ಸಿಸ್ಟಮ್‌ಮ್ಯಾಕ್ಸ್‌ಯೂಸ್' ಹಾಕಿ ಜಾಗಕ್ಕೆ ಮಿತಿ ಕೊಡಿ.

ಪ್ಯಾಕೇಜ್ ಜೊತೆ ಬಂದ ಯೂನಿಟ್ ಫೈಲನ್ನು ನೇರವಾಗಿ ತಿದ್ದಬೇಡಿ, ಅಪ್‌ಡೇಟ್ ಬಂದಾಗ ಅಳಿಸಿಹೋಗುತ್ತದೆ. 'ಸಿಸ್ಟಮ್‌ಸಿಟಿಎಲ್ ಎಡಿಟ್' ಕೊಟ್ಟರೆ ನಿಮ್ಮ ಬದಲಾವಣೆ ಬೇರೆ ಫೈಲಿನಲ್ಲಿ ಕೂರುತ್ತದೆ. ಕೈಯಾರೆ ಫೈಲ್ ಬರೆದರೆ, ಅದನ್ನು ಸಿಸ್ಟಮ್‌ಡಿಗೆ ಮತ್ತೆ ಓದಿಸುವ 'ಡೀಮನ್-ರೀಲೋಡ್' ಮರೆಯಬೇಡಿ. 'ಸ್ಟಾರ್ಟ್' ಅಂದರೆ ಈಗ ಮಾತ್ರ, 'ಎನೇಬಲ್' ಅಂದರೆ ಮುಂದಿನ ಬೂಟಿಗೆ. ಮಳೆಗಾಲದ ಮೊದಲ ಕರೆಂಟು ಕಡಿತಕ್ಕೆ ಏಳದ ಸರ್ವೀಸ್ ಎಷ್ಟೋ ಸಲ 'ಎನೇಬಲ್' ಆಗಿರುವುದೇ ಇಲ್ಲ. 'ಎನೇಬಲ್ --ನೌ' ಬಳಸಿದರೆ ಎರಡೂ ಒಟ್ಟಿಗೆ ಆಗುತ್ತದೆ.

ಕಷ್ಟ ಇಲ್ಲವೇ? ಇದೆ. ಸಿಸ್ಟಮ್‌ಡಿ ದೊಡ್ಡದು. ಸೆಟ್ಟಿಂಗುಗಳು ನೂರಾರು. ಏನೋ ಒಂದು ಯಾಕೆ ಹೀಗಾಯಿತು ಅಂತ ಬುಡದವರೆಗೆ ಹೋಗಿ ತಿಳಿಯುವುದು ಸುಲಭವಲ್ಲ. ಆದರೂ ನಿಮಗೆ ಬೇಕಾಗುವುದು ಹತ್ತು ಹನ್ನೆರಡು ಸೆಟ್ಟಿಂಗ್ ಅಷ್ಟೇ.

ಓಪನ್‌ಆರ್‌ಸಿ: ಎಸ್‌ಡಿ ಕಾರ್ಡ್ ಉಳಿಸಬೇಕಾದವರಿಗೆ

ಓಪನ್‌ಆರ್‌ಸಿ ಹುಟ್ಟಿದ್ದು ಜೆಂಟೂ ಲಿನಕ್ಸಿನಲ್ಲಿ. ನಮಗೆ ಜಾಸ್ತಿ ಉಪಯೋಗಕ್ಕೆ ಬರುವುದು ಆಲ್ಪೈನ್ ಲಿನಕ್ಸಿನ ಮೂಲಕ. ಇಲ್ಲಿ ಆಯ್ಕೆ ನಿಜವಾಗಿ ಇನಿಟ್ಟಿನದಲ್ಲ, ಆಲ್ಪೈನಿನದು. ಅದಕ್ಕೆ ಡಿಸ್ಕ್‌ಲೆಸ್ ಅನ್ನುವ ಒಂದು ವಿಧಾನ ಇದೆ. ಇಡೀ ಸಿಸ್ಟಮ್ ರ್‍ಯಾಮಿನಲ್ಲಿ ಓಡುತ್ತದೆ, ಕಾರ್ಡನ್ನು ಸುಮ್ಮನೆ ಓದಲು ಮಾತ್ರ ಬಳಸುತ್ತದೆ. ಬರೆಯುವ ಹೊತ್ತಿನಲ್ಲಿ ಕರೆಂಟು ಹೋಗಿ ಕಾರ್ಡ್ ಕೆಡುವುದು ಪೈ ಇಟ್ಟವರಿಗೆಲ್ಲ ಗೊತ್ತಿರುವ ತಲೆನೋವು. ದಿನಕ್ಕೆ ಐದಾರು ಸಲ ಕರೆಂಟು ಬಂದು ಹೋಗಿ ಮಾಡುವ ಕಡೆ ಈ ವಿಧಾನ ನೆಮ್ಮದಿ ಕೊಡುತ್ತದೆ.

ಆದರೆ ಬದಲಾವಣೆ ಮಾಡಿದ ಮೇಲೆ 'ಎಲ್‌ಬಿಯು ಕಮಿಟ್' ಕೊಡಲೇಬೇಕು. ಕೊಡದಿದ್ದರೆ ಮುಂದಿನ ಬೂಟಿಗೆ ಎಲ್ಲ ಮಾಯ. 'ಆರ್‌ಸಿ-ಅಪ್‌ಡೇಟ್ ಆಡ್' ಮಾಡಿ ಸೇರಿಸಿದ ಸರ್ವೀಸೂ ಮಾಯ. ಡೇಟಾಗೆ ಬೇರೆ ಡಿಸ್ಕೋ, ಬೇರೆ ಪಾರ್ಟಿಷನ್ನೋ ಬೇಕು. ಹೀಗಾಗಿ ಡೇಟಾಬೇಸ್ ಇಡುವ ಮೆಷಿನ್ನಿಗಿಂತ, ಸೆನ್ಸರ್ ಓದಿ ಬೇರೆ ಕಡೆ ಕಳಿಸುವ ಮೆಷಿನ್ನಿಗೆ ಇದು ಸರಿಯಾದ ಜಾಗ.

ಸ್ಕ್ರಿಪ್ಟ್ ಬರೆಯುವುದು ಸುಲಭ. ಯಾರು ಬೇಕು ಅನ್ನುವುದನ್ನು 'ನೀಡ್' ಅಂತ, ಯಾರ ನಂತರ ಅನ್ನುವುದನ್ನು 'ಆಫ್ಟರ್' ಅಂತ ಬರೆಯುತ್ತೀರಿ. ಎರಡು ವಿಷಯ ಮಾತ್ರ ಎಚ್ಚರ. ಒಂದು, ಮಾಮೂಲಿಯಾಗಿ ಓಪನ್‌ಆರ್‌ಸಿ ಸತ್ತ ಸರ್ವೀಸನ್ನು ಎಬ್ಬಿಸುವುದಿಲ್ಲ. 'ಆರ್‌ಸಿ-ಸ್ಟೇಟಸ್' ಕೇಳಿದರೆ 'ಕ್ರ್ಯಾಶ್ಡ್' ಅಂತ ತೋರಿಸಿ ಸುಮ್ಮನಿರುತ್ತದೆ. ಎಬ್ಬಿಸಬೇಕಾದರೆ ಸ್ಕ್ರಿಪ್ಟಿನಲ್ಲಿ 'ಸೂಪರ್‌ವೈಸರ್' ಅನ್ನುವ ಕಡೆ 'ಸೂಪರ್‌ವೈಸ್-ಡೀಮನ್' ಅಂತ ಬರೆಯಬೇಕು. 'ರೀಸ್ಪಾನ್_ಡಿಲೇ' 30, 'ರೀಸ್ಪಾನ್_ಮ್ಯಾಕ್ಸ್' 0 ಕೊಟ್ಟರೆ ಕೈಬಿಡದೆ ಪ್ರಯತ್ನಿಸುತ್ತದೆ. ಎರಡು, ಪ್ರೋಗ್ರಾಮ್ ಪರದೆಗೆ ಬರೆಯುವ ದೂರುಗಳು ಎಲ್ಲೂ ಉಳಿಯುವುದಿಲ್ಲ. 'ಔಟ್‌ಪುಟ್_ಲಾಗ್' ಮತ್ತು 'ಎರರ್_ಲಾಗ್' ನೀವೇ ಹೇಳಿ ಕೊಡಬೇಕು.

ಪ್ರೋಗ್ರಾಮುಗಳಿಗೆ ಬುನಾದಿಯಾದ ಸಿ ಲೈಬ್ರರಿಯಾಗಿ, ಹೆಚ್ಚಿನ ಡಿಸ್ಟ್ರೋಗಳು ಬಳಸುವ ಜೀಲಿಬ್‌ಸಿ ಬದಲು ಆಲ್ಪೈನ್ ಮಸಲ್ ಬಳಸುತ್ತದೆ. ಕ್ಯಾಮೆರಾ ಕಂಪನಿಯವರು ಲಿನಕ್ಸಿಗೆ ಅಂತ ಕೊಟ್ಟ ರೆಡಿ ಪ್ರೋಗ್ರಾಮ್ ಅದರಲ್ಲಿ ಓಡದೆ ಇರಬಹುದು. ಕೊಳ್ಳುವ ಮುಂಚೆ ಓಡಿಸಿ ನೋಡಿ.

ರನ್‌ಇಟ್: ಕಲಿಯುವವರಿಗೆ, ಕಲಿಸುವವರಿಗೆ

ಪೊನ್ನಂಪೇಟೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಹುಡುಗರು ಸರ್ವೀಸ್ ಮ್ಯಾನೇಜರ್ ಅಂದರೆ ಒಳಗೆ ಏನು ನಡೆಯುತ್ತದೆ ಅಂತ ಕೇಳಿದರೆ, ನಾನು ರನ್‌ಇಟ್ ತೋರಿಸುತ್ತೇನೆ. ಗೆರಿಟ್ ಪೇಪ್ ಬರೆದದ್ದು, ಡಿ. ಜೆ. ಬರ್ನ್‌ಸ್ಟೈನ್ ಅವರ ಡೀಮನ್‌ಟೂಲ್ಸ್ ದಾರಿಯಲ್ಲಿ ಬಂದದ್ದು. ವಾಯ್ಡ್ ಲಿನಕ್ಸ್ ಇದನ್ನೇ ಬಳಸುತ್ತದೆ.

ಒಂದು ಸರ್ವೀಸಿಗೆ ಒಂದು ಫೋಲ್ಡರ್, ಅದರಲ್ಲಿ 'ರನ್' ಅನ್ನುವ ಸ್ಕ್ರಿಪ್ಟ್, ಅದರ ಕೊನೇ ಸಾಲು 'ಎಕ್ಸೆಕ್' ಜೊತೆ ನಿಮ್ಮ ಪ್ರೋಗ್ರಾಮ್. ಅಷ್ಟೇ. ಆ ಫೋಲ್ಡರಿಗೆ ವಾಯ್ಡಿನ 'ವಾರ್/ಸರ್ವೀಸ್' ಒಳಗೆ ಒಂದು ಲಿಂಕ್ ಕೊಟ್ಟರೆ ಐದು ಸೆಕೆಂಡಿನೊಳಗೆ ಸರ್ವೀಸ್ ಎದ್ದಿರುತ್ತದೆ. ಲಿಂಕ್ ಇದೆ ಅಂದರೆ ಎನೇಬಲ್ ಆಗಿದೆ ಅಂತಲೇ ಅರ್ಥ. ಸತ್ತರೆ ಹೆಚ್ಚೆಂದರೆ ಒಂದು ಸೆಕೆಂಡು ಬಿಟ್ಟು ಮತ್ತೆ ಎಬ್ಬಿಸುತ್ತದೆ, ಎಷ್ಟು ಸಲ ಸತ್ತರೂ ಬೇಸರಿಸಿಕೊಳ್ಳುವುದಿಲ್ಲ. ಸಿಸ್ಟಮ್‌ಡಿಯಲ್ಲಿ ನಾವು ಬರೆದು ತರಿಸಿಕೊಂಡ ಹಟ ಇಲ್ಲಿ ಹುಟ್ಟುಗುಣ. ಪ್ರೋಗ್ರಾಮ್ ಮಾತ್ರ ಹಿನ್ನೆಲೆಗೆ ಜಾರಬಾರದು, ಮುಂದೆಯೇ ಓಡುತ್ತಿರಬೇಕು. ಜಾರಿದರೆ ರನ್‌ಇಟ್ ಅದು ಸತ್ತಿತು ಅಂದುಕೊಂಡು ಇನ್ನೊಂದನ್ನು ಎಬ್ಬಿಸುತ್ತದೆ.

ಯಾರ ನಂತರ ಯಾರು ಅನ್ನುವ ಲೆಕ್ಕ ಇದಕ್ಕೆ ಇಲ್ಲ. ಡೇಟಾಬೇಸ್ ಎದ್ದಿದೆಯಾ ಅಂತ 'ಎಸ್‌ವಿ ಚೆಕ್' ಕೊಟ್ಟು ರನ್ ಸ್ಕ್ರಿಪ್ಟಿನಲ್ಲಿ ನೀವೇ ನೋಡಬೇಕು, ಇಲ್ಲದಿದ್ದರೆ ಬಿಟ್ಟು ಹೊರಬರಬೇಕು. ಮೂರು ನಾಲ್ಕು ಸರ್ವೀಸ್ ಇರುವ ಮೆಷಿನ್ನಿಗೆ ಇದೇನೂ ಕಷ್ಟವಲ್ಲ. ಆದರೆ ತೋಟದ ಮೆಷಿನ್ನಿಗೆ ನಾನು ಇದನ್ನು ಹಾಕಿಕೊಡುವುದಿಲ್ಲ. ನಾಳೆ ನೋಡಿಕೊಳ್ಳುವ ಹುಡುಗ ಕುಶಾಲನಗರದಿಂದಲೋ ಮೈಸೂರಿನಿಂದಲೋ ಬರುತ್ತಾನೆ, ಅವನು ಕಲಿತಿರುವುದು ಸಿಸ್ಟಮ್‌ಡಿಯೇ ಆಗಿರುತ್ತದೆ.

ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ

ಇವು ಲಿನಕ್ಸ್ ಅಲ್ಲ, ಯುನಿಕ್ಸ್ ಬಗೆಯ ಬೇರೆ ಓಎಸ್‌ಗಳು. ಫ್ರೀಬಿಎಸ್‌ಡಿಯಲ್ಲಿ ಏನು ಏಳಬೇಕು ಅನ್ನುವುದೆಲ್ಲ 'ಆರ್‌ಸಿ.ಕಾನ್ಫ್' ಅನ್ನುವ ಒಂದೇ ಫೈಲಿನಲ್ಲಿ ಇರುತ್ತದೆ. ಆ ಫೈಲ್ ಓದಿದರೆ ಇಡೀ ಮೆಷಿನ್ ಗೊತ್ತಾಗುತ್ತದೆ, ಇದು ನನಗೆ ತುಂಬ ಇಷ್ಟ. ಕೈಯಿಂದ ತಿದ್ದುವ ಬದಲು 'ಸಿಸ್‌ಆರ್‌ಸಿ' ಬಳಸಿ, 'ಸರ್ವೀಸ್ -ಇ' ಕೊಟ್ಟರೆ ಎನೇಬಲ್ ಆದವುಗಳ ಪಟ್ಟಿ ಬರುತ್ತದೆ. ಝೆಡ್‌ಎಫ್‌ಎಸ್ ಫೈಲ್ ಸಿಸ್ಟಮ್ ದಿಢೀರ್ ಕರೆಂಟು ಹೋಗುವುದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಹಳೇ ಡೇಟಾ ಮೇಲೆ ಬರೆಯದೆ ಬೇರೆ ಜಾಗದಲ್ಲಿ ಬರೆದು ಆಮೇಲೆ ಬದಲಾಯಿಸುವುದೇ ಅದಕ್ಕೆ ಕಾರಣ. ವರ್ಷಗಳ ಫೋಟೋ, ಕ್ಯಾಮೆರಾ ರೆಕಾರ್ಡಿಂಗ್ ಇಡುವ ಸ್ಟೋರೇಜ್ ಮೆಷಿನ್ನಿಗೆ ಒಳ್ಳೆಯ ಆಯ್ಕೆ. ಸತ್ತದ್ದನ್ನು ಎಬ್ಬಿಸುವ ಗುಣ ಮಾತ್ರ ಫ್ರೀಬಿಎಸ್‌ಡಿಯ ಆರ್‌ಸಿಗೆ (ಬೂಟಿನಲ್ಲಿ ಸರ್ವೀಸುಗಳನ್ನು ಎಬ್ಬಿಸುವ ಸ್ಕ್ರಿಪ್ಟುಗಳು) ಇಲ್ಲ, 'ಡೀಮನ್' ಕಮಾಂಡಿಗೆ '-ಆರ್' ಕೊಟ್ಟು ಅದರ ಮೂಲಕ ಓಡಿಸಬೇಕು. ಓಪನ್‌ಬಿಎಸ್‌ಡಿ ರೂಟರ್, ಫೈರ್‌ವಾಲಿಗೆ ಸೈ. 'ಆರ್‌ಸಿಸಿಟಿಎಲ್ ಎಲ್‌ಎಸ್ ಫೇಲ್ಡ್' ಅಂದರೆ ಎನೇಬಲ್ ಆಗಿದ್ದೂ ನಿಂತಿರುವವು ಯಾವುವು ಅಂತ ಹೇಳುತ್ತದೆ.

ಡಾಕರ್, ಪಿಎಂ2, ಟಿಮಕ್ಸ್

ಪ್ರೋಗ್ರಾಮುಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ಡಾಕರ್ ಇದ್ದರೆ ಇದೆಲ್ಲ ಯಾಕೆ ಅಂತ ಕೇಳುತ್ತಾರೆ. ಡಾಕರನ್ನು ಎಬ್ಬಿಸುವುದೂ ಇನಿಟ್ಟೇ. 'ಅನ್‌ಲೆಸ್-ಸ್ಟಾಪ್ಡ್' ಅಂತ ಬರೆದರೆ ಕಂಟೇನರುಗಳು ಬೂಟಿನ ನಂತರ ತಾನಾಗಿ ಏಳುತ್ತವೆ, ಆದರೆ ಕಂಟೇನರುಗಳ ಪಟ್ಟಿ ಬರೆಯುವ ಕಂಪೋಸ್ ಫೈಲಿನ 'ಡಿಪೆಂಡ್ಸ್_ಆನ್' ಕ್ರಮ ಆಗ ಲೆಕ್ಕಕ್ಕೆ ಬರುವುದಿಲ್ಲ. ಅದು ನೀವು 'ಅಪ್' ಕೊಟ್ಟಾಗ ಮಾತ್ರ. ಅಪ್ಲಿಕೇಷನ್ ಕಂಟೇನರ್ ಡೇಟಾಬೇಸಿಗಿಂತ ಮೊದಲೇ ಎದ್ದರೂ ತಾಳಿಕೊಳ್ಳುವಂತಿರಬೇಕು. ನೋಡ್.ಜೆಎಸ್ ಪ್ರೋಗ್ರಾಮುಗಳನ್ನು ಓಡಿಸಿ ನೋಡಿಕೊಳ್ಳುವ ಪಿಎಂ2 ಪರವಾಗಿಲ್ಲ, 'ಪಿಎಂ2 ಸ್ಟಾರ್ಟಪ್' ಮತ್ತು 'ಪಿಎಂ2 ಸೇವ್' ಎರಡನ್ನೂ ಮಾಡಿರಬೇಕು. ಟಿಮಕ್ಸ್ (ಲಾಗೌಟ್ ಆದರೂ ಓಡುತ್ತಿರುವ ಟರ್ಮಿನಲ್) ಕಿಟಕಿಯಲ್ಲಿ ಓಡಿಸಿ ಬಿಟ್ಟ ಪ್ರೋಗ್ರಾಮ್ ಸರ್ವೀಸ್ ಅಲ್ಲ. ಅದು ಮುಂದಿನ ಕರೆಂಟು ಕಡಿತದವರೆಗೆ ಮಾತ್ರ ಇರುತ್ತದೆ.

ಮೇ ತಿಂಗಳಲ್ಲೇ ಪರೀಕ್ಷೆ ಮಾಡಿ

ಯಾವುದನ್ನು ಆರಿಸಿದರೂ ಜೂನ್ ಶುರುವಾಗುವ ಮುಂಚೆ ಒಂದು ದಿನ ಇದಕ್ಕೆ ಕೊಡಿ. 'ರೀಬೂಟ್' ಕಮಾಂಡ್ ಕೊಟ್ಟು ನೋಡಿದರೆ ಸಾಲದು, ಅದು ಎಲ್ಲವನ್ನೂ ಮರ್ಯಾದೆಯಾಗಿ ನಿಲ್ಲಿಸಿ ಎಬ್ಬಿಸುತ್ತದೆ. ಮೊದಲು ಬ್ಯಾಕಪ್ ತೆಗೆದಿಡಿ. ಆಮೇಲೆ ಯುಪಿಎಸ್, ರೂಟರ್, ಫೈಬರ್ ಪೆಟ್ಟಿಗೆ ಸೇರಿಸಿ ಎಲ್ಲದಕ್ಕೂ ಕರೆಂಟು ತೆಗೆಯಿರಿ. ಅರ್ಧ ಗಂಟೆ ಬಿಟ್ಟು ಮೆಷಿನ್ನಿಗೆ ಮಾತ್ರ ಕೊಡಿ, ರೂಟರಿಗೆ ಐದು ನಿಮಿಷ ತಡವಾಗಿ ಕೊಡಿ. ಕೀಬೋರ್ಡ್ ಮುಟ್ಟಬೇಡಿ. ಕಾಲು ಗಂಟೆ ಆದ ಮೇಲೆ ಬೇರೆ ಕಡೆಯಿಂದ ಬುಕಿಂಗ್ ಪೇಜ್ ತೆಗೆದು ನೋಡಿ, ಮಳೆ ಲೆಕ್ಕದ ಕೊನೇ ಸಾಲಿನ ಸಮಯ ನೋಡಿ, ಬಿದ್ದವುಗಳ ಪಟ್ಟಿ ಕೇಳಿ.

ಎರಡನೇ ಸಲ ಇದನ್ನೇ ಮಾಡುವಾಗ ಕರೆಂಟು ಕೊಟ್ಟು ಹತ್ತು ಸೆಕೆಂಡಿಗೆ ಮತ್ತೆ ತೆಗೆಯಿರಿ, ಮತ್ತೆ ಕೊಡಿ. ಮಳೆಗಾಲದಲ್ಲಿ ಲೈನ್ ಬರುವುದು ಹಾಗೇ ಅಲ್ವಾ. ಆಫೀಸಿನ ರೈಟರನ್ನೂ ಜೊತೆಗೆ ಕೂರಿಸಿಕೊಳ್ಳಿ. ಸ್ಟೇಟಸ್ ನೋಡುವ ಒಂದು ಕಮಾಂಡ್, ರೀಸ್ಟಾರ್ಟ್ ಮಾಡುವ ಒಂದು ಕಮಾಂಡ್, ಲಾಗ್ ತೋರಿಸುವ ಒಂದು ಕಮಾಂಡ್, ಈ ಮೂರನ್ನೂ ಕನ್ನಡದಲ್ಲಿ ವಿವರಿಸಿ ಚೆಕ್‌ರೋಲ್ ಪುಸ್ತಕದ ಒಳಬದಿಗೆ ಅಂಟಿಸಿ, ಅವರ ಕೈಯಲ್ಲೇ ಒಂದು ಸಲ ಹೊಡೆಸಿ ನೋಡಿ.